ಕಂಬದ ಹಿಂದಿನ ಊಟ

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎನ್ನುತ್ತಾರೆ. ಆ ಪೂಜಾರಿಗೆ ಕಪ್ಪು ಕೋಟು ತೊಡಿಸಿ, ಕೊರಳಿಗೆ ಬೋ ಟೈ ಕಟ್ಟಿ, ವಿಹಾರದ ಹಡಗೊಂದರ ಭೋಜನಶಾಲೆಯ ಬಾಗಿಲಲ್ಲಿ ನಿಲ್ಲಿಸಿದರೆ ಅವನೇ ಬಾಗಿಲಪ್ಪ. ಹೆತ್ತವರು ಇಟ್ಟ ಹೆಸರು ಬೇರೆಯಿತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಬಾಗಿಲಪ್ಪ ಎನ್ನುವುದು ಅಡುಗೆಮನೆಯವರು ಬೆನ್ನ ಹಿಂದೆ ಇಟ್ಟ ಹೆಸರು. ಅದು ಅವನ ಕಿವಿಗೂ ಬಿದ್ದಿತ್ತು, ಆದರೆ ಅದನ್ನು ಅವನು ಬೈಗುಳ ಎಂದುಕೊಳ್ಳದೆ ಬಿರುದು ಎಂದುಕೊಂಡಿದ್ದ.

ಆ ಹಡಗಿಗೆ ಹೋಗಬೇಕಾದ ಊರು ಅಂತ ಯಾವುದೂ ಇರಲಿಲ್ಲ. ಜನ ದುಡ್ಡು ಕೊಟ್ಟು ಹತ್ತುತ್ತಿದ್ದರು, ನೀರಿನ ಮೇಲೆ ಕೆಲವು ದಿನ ಸುತ್ತುತ್ತಿದ್ದರು, ಹತ್ತಿದ ದಡದಲ್ಲೇ ಇಳಿಯುತ್ತಿದ್ದರು. ನಡುವೆ ಮಾಡಲು ಇದ್ದದ್ದು ಎರಡೇ ಕೆಲಸ: ಬಿಸಿಲಿಗೆ ಬಿದ್ದುಕೊಳ್ಳುವುದು, ತಿನ್ನುವುದು. ತಿನ್ನಲು ತುದಿಯ ಅಂತಸ್ತಿನಲ್ಲಿ ಬಯಲು ಊಟವಿತ್ತು. ಅಲ್ಲಿ ಒದ್ದೆ ಚಡ್ಡಿಯಲ್ಲೇ ತಟ್ಟೆ ಹಿಡಿದು ನಿಂತರೂ ಕೇಳುವವರಿಲ್ಲ. ಆದರೆ ಮನುಷ್ಯ ತಾನೇ, ಇರುವುದು ಬಿಟ್ಟು ಇಲ್ಲದ್ದರ ಕಡೆಗೇ ತುಡಿಯುತ್ತಾನೆ. ಎಲ್ಲರಿಗೂ ಸಂಜೆಯಾದರೆ ಕೆಳಗಿನ ಭೋಜನಶಾಲೆಯೇ ಬೇಕು. ಅಲ್ಲಿ ಗಾಜಿನ ದೀಪಗಳು, ಬಿಳಿ ಮೇಜುಬಟ್ಟೆ, ಸಮುದ್ರದ ಮಟ್ಟಕ್ಕಿಂತ ಸ್ವಲ್ಪ ಮೇಲೆ ಸಾಲಾಗಿ ದೊಡ್ಡ ಕಿಟಕಿಗಳು. ಬಾಗಿಲಲ್ಲಿ ಬಾಗಿಲಪ್ಪ.

ಭೋಜನಶಾಲೆಗೆ ಏನು ತೊಟ್ಟು ಬರಬೇಕು ಎಂದು ಪ್ರತಿ ಕೋಣೆಯಲ್ಲೂ ಒಂದು ಫಲಕ ತೂಗುಹಾಕಿದ್ದರು. ಮೊದಮೊದಲು ಅದರಲ್ಲಿ ‘ಕೋಟು ಕಡ್ಡಾಯ’ ಎಂದಿತ್ತು. ಜನ ಗೊಣಗಿದರು. ‘ಸಭ್ಯ ಉಡುಪು’ ಎಂದು ಬದಲಾಯಿಸಿದರು. ಹಾಗಾದರೆ ಉಳಿದದ್ದು ಅಸಭ್ಯವೇ ಎಂದು ಯಾರೋ ಜಗಳ ತೆಗೆದರು. ಕೊನೆಗೆ ‘ಸರಳವಾದರೂ ಸಂದರ್ಭಕ್ಕೆ ತಕ್ಕ ಉಡುಪು’ ಎಂದಾಯಿತು. ಇದರ ಅರ್ಥ ಬರೆದವನಿಗೂ ಗೊತ್ತಿರಲಿಲ್ಲ, ಓದಿದವನಿಗೂ ಆಗಲಿಲ್ಲ. ಹಾಗಾಗಿ ಅದರ ಅರ್ಥ ಕಡೆಗೆ ಬಂದು ನಿಂತದ್ದು ಬಾಗಿಲಪ್ಪನ ಎಡಗಡೆಯ ಹುಬ್ಬಿನಲ್ಲಿ. ಆ ಹುಬ್ಬು ಮೇಲೇರಿತು ಎಂದರೆ ನಿಮ್ಮ ಬಟ್ಟೆ ಸರಿಯಿಲ್ಲ ಎಂದು ತಿಳಿಯಬೇಕು.

ಹುಬ್ಬು ಏರಿದ ಮಾತ್ರಕ್ಕೆ ಅವನು ಯಾರನ್ನೂ ವಾಪಸು ಕಳಿಸುತ್ತಿರಲಿಲ್ಲ. ಅದು ಒರಟುತನ. ಬಾಗಿಲ ಹಿಂದೆ ಒಂದು ಗೂಟದ ಸಾಲಿತ್ತು, ಅದರಲ್ಲಿ ಕಂದು ಬಣ್ಣದ ಕೋಟುಗಳು ನೇತಾಡುತ್ತಿದ್ದವು. ಕಣ್ಣಿದ್ದವರು ಯಾರೂ ಕದಿಯಬಾರದು ಎಂದೇ ಆರಿಸಿದ ಕಂದು. ಕೋಟಿಲ್ಲದವರಿಗೆ ಅದನ್ನು ತಾನೇ ಹಿಡಿದು, ಎರಡೂ ತೋಳಿಗೆ ತೊಡಿಸಿ, ಭುಜದ ಮೇಲೆ ಇಲ್ಲದ ಧೂಳನ್ನು ಒಮ್ಮೆ ಕೊಡವಿ ಒಳಗೆ ಬಿಡುತ್ತಿದ್ದ. ಬಿಡುವುದು ಎಲ್ಲಿಗೆ? ಭೋಜನಶಾಲೆಯ ಹಿಂಬದಿಯಲ್ಲಿ ಹಡಗಿನ ಹೊಗೆಕೊಳವೆಯನ್ನು ಮುಚ್ಚಿಟ್ಟ ಒಂದು ದಪ್ಪ ಕಂಬವಿತ್ತು. ಅದರ ಹಿಂದೆ ಕೆಲವು ಮೇಜು. ಅಲ್ಲಿ ಕೂತರೆ ಕಾಣುವುದು ಒಂದು ಕಡೆ ಕಂಬ, ಇನ್ನೊಂದು ಕಡೆ ಅಡುಗೆಮನೆಯ ಬಾಗಿಲು. ಕಂದು ಕೋಟಿನವರೆಲ್ಲ ಕಂಬದ ಹಿಂದೆ ಎಂಬ ನಿಯಮ ಕಂಪನಿಯದಲ್ಲ. ಅದು ಬಾಗಿಲಪ್ಪನ ಸ್ವಂತ ಬುದ್ಧಿಯಿಂದ ಹುಟ್ಟಿದ್ದು, ಆ ಬಗ್ಗೆ ಅವನಿಗೆ ಬಹಳ ಹೆಮ್ಮೆ.

ಎಷ್ಟೋ ಸಲ ಗಂಡನಿಗೆ ಕಂದು ಕೋಟು ಬಿದ್ದು, ಹೆಂಡತಿ ಮಿರಮಿರ ಮಿಂಚುವ ಉಡುಪಿನಲ್ಲಿ ನಿಂತಿರುತ್ತಿದ್ದಳು. ಆಗ ಅವನು ತಲೆ ಬಾಗಿಸಿ ಹೇಳುತ್ತಿದ್ದ: “ಅಮ್ಮಾ, ನಿಮ್ಮ ಉಡುಪು ಸರಿಯಾಗಿದೆ. ತಾವು ಕಿಟಕಿ ಹತ್ತಿರ ಕೂತ್ಕೋಬಹುದು. ಕಂಬ ಕೋಟಿಗೆ ಮಾತ್ರ.” ಹೆಚ್ಚಿನವರು ಹಲ್ಲು ಕಚ್ಚಿಕೊಂಡು ಗಂಡನ ಜೊತೆ ಕಂಬದ ಹಿಂದೆ ಹೋಗುತ್ತಿದ್ದರು. ಎಲ್ಲೋ ಒಬ್ಬಿಬ್ಬರು ಕಿಟಕಿಯ ಕಡೆಗೆ ಹೋದದ್ದೂ ಉಂಟು.

ಇಷ್ಟೆಲ್ಲ ನಿಯಮ ಎಲ್ಲರಿಗೂ ಒಂದೇ ಎಂದುಕೊಂಡರೆ ನೀವು ಹಡಗು ಹತ್ತಿದವರಲ್ಲ. ತುದಿಯ ಅಂತಸ್ತಿನ ದೊಡ್ಡ ಕೋಣೆಗಳವರ ಕೈಯಲ್ಲಿ ಚಿನ್ನದ ಬಣ್ಣದ ಕಾರ್ಡು ಇರುತ್ತಿತ್ತು. ಅವರು ಮೊಣಕಾಲು ತೋರಿಸಿಕೊಂಡು, ರಬ್ಬರ್ ಚಪ್ಪಲಿ ಪಟಪಟ ಬಡಿಸಿಕೊಂಡು ಬಂದರೂ ಬಾಗಿಲಪ್ಪನ ಹುಬ್ಬು ಮಲಗಿರುತ್ತಿತ್ತು. ಆನೆ ನಡೆದದ್ದೇ ದಾರಿ. ಕೆಳಗಿನ ಕಿಟಕಿಯಿಲ್ಲದ ಕೋಣೆಯವನು ತೊಟ್ಟರೆ ಅದು ಚಡ್ಡಿ, ಮೇಲಿನವನು ತೊಟ್ಟರೆ ವಿಹಾರದ ಉಡುಪು. “ಮೊದ್ಲು ಕಾರ್ಡು ನೋಡು, ಆಮೇಲೆ ಕಾಲು ನೋಡು, ಆಮೇಲೆ ಕತ್ತು” ಎಂದು ತನ್ನ ಕೈಕೆಳಗಿನವರಿಗೆ ಪಾಠ ಹೇಳುತ್ತಿದ್ದ.

ಇಂಥ ಬಾಗಿಲಪ್ಪ ಹುಟ್ಟುವಾಗಲೇ ಬೋ ಟೈ ಕಟ್ಟಿಕೊಂಡು ಹುಟ್ಟಿದವನೇನೂ ಅಲ್ಲ. ಹಡಗು ಸೇರಿದ್ದು ಆಲೂಗಡ್ಡೆ ಸಿಪ್ಪೆ ತೆಗೆಯಲು. ಹಡಗಿನ ಹೊಟ್ಟೆಯೊಳಗಿನ ಆ ಅಡುಗೆಮನೆಯ ಕಾವಿಗೆ ಬನಿಯನ್ನೂ ಹೆಚ್ಚು. ಬರೀ ಚಡ್ಡಿಯಲ್ಲಿ, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡಿದ ವರ್ಷಗಳು ಅವನಿಗೂ ಇದ್ದವು. ಒಂದು ಸಂಜೆ ಬಾಗಿಲಿನ ಮನುಷ್ಯ ಜ್ವರ ಬಂದು ಮಲಗಿದ. ಇವನು ಎತ್ತರವಿದ್ದ, ಮುಖದಲ್ಲಿ ಯಾವ ಭಾವವೂ ಮೂಡುತ್ತಿರಲಿಲ್ಲ. ಇವೆರಡು ಅರ್ಹತೆ ನೋಡಿ ಕೋಟು ತೊಡಿಸಿ ನಿಲ್ಲಿಸಿದರು. ಯಾರೋ ಪ್ರಯಾಣಿಕ ಹಾದು ಹೋಗುವಾಗ “ಥ್ಯಾಂಕ್ಯೂ ಸರ್” ಎಂದ. ಅಷ್ಟೇ ಸಾಕಾಯಿತು. ಆಲೂಗಡ್ಡೆಯ ಸಿಪ್ಪೆ, ಬಕೆಟ್ಟು, ಚಡ್ಡಿ ಎಲ್ಲವನ್ನೂ ಬಾಗಿಲಪ್ಪ ಅಂದೇ ಮರೆತ. ಹತ್ತಿದ ಏಣಿಯನ್ನು ಒದೆಯುವವರು ಬಹಳ ಜನ ಇದ್ದಾರೆ. ಇವನು ಏಣಿಯ ಕಾಲಿಗೆ ಬೂಟಿದೆಯೇ ಎಂದು ನೋಡಿ ಒದ್ದವನು.

ಹಡಗಿನಲ್ಲಿ ಇಷ್ಟಾದರೆ ಮನೆಯಲ್ಲಿ ಕೇಳುವುದೇ ಬೇಡ. ಬಂದರಿನಿಂದ ಎರಡು ಬೀದಿ ಆಚೆ, ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ರಜೆಯಲ್ಲಿ ಬಂದಾಗ ಅಡುಗೆಮನೆಯ ಬಾಗಿಲಲ್ಲೂ ಇವನೇ ನಿಲ್ಲುತ್ತಿದ್ದ. “ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯನ್ನು ದಿನಕ್ಕೆ ಮೂರು ಹೊತ್ತು ಬಡಿಸುತ್ತಿದ್ದ. ಕೆದರಿದ ತಲೆಯಲ್ಲಿ ಮಗಳು ತಟ್ಟೆಯ ಮುಂದೆ ಕೂರುವಂತಿರಲಿಲ್ಲ. ಒಲೆಯ ಮುಂದೆ ಬೆವೆತ ಹೆಂಡತಿ ಮನೆಯಲ್ಲಿ ತೊಡುವ ಹಳೇ ನೈಟಿಯಲ್ಲಿ ಬಡಿಸುವಂತಿರಲಿಲ್ಲ. ತಮಾಷೆಯೆಂದರೆ ಇಷ್ಟು ಶಿಸ್ತಿನ ಊಟಕ್ಕೆ ಅವನೇ ಕೂರುತ್ತಿರಲಿಲ್ಲ. ಹಡಗಿನ ಕೆಲಸದವರು ಪ್ರಯಾಣಿಕರ ಊಟಕ್ಕೆ ಮೊದಲೇ, ಬಿಸಿಲಿರುವಾಗಲೇ ಉಂಡು ಮುಗಿಸಬೇಕು. ಆ ಅಭ್ಯಾಸ ಅವನ ಹೊಟ್ಟೆಗೆ ಅಂಟಿಬಿಟ್ಟಿತ್ತು. ಸಂಜೆಯಾದರೆ ಮನೆಯವರು ಕೂತು ತಿನ್ನುತ್ತಿದ್ದರು, ಅವನು ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತಿದ್ದ.

ಹೆಂಡತಿಗೆ ಇದ್ದದ್ದು ಒಂದೇ ಆಸೆ. ಗಂಡನ ಎದುರು ಕೂತು ಸಂಜೆಯ ಊಟ ಮಾಡಬೇಕು. ಮದುವೆಯಾದ ಹೊಸದರಲ್ಲಿ ಅವನು, “ಒಂದಿನ ಕಿಟಕಿ ಪಕ್ಕದ ಮೇಜಲ್ಲಿ ಇಬ್ರೂ ಕೂತ್ಕೊಂಡು ಊಟ ಮಾಡೋಣ ಕಣೇ, ಸಮುದ್ರ ನೋಡ್ಕೊಂಡು” ಎಂದಿದ್ದ. ಮಾತು ಕೊಟ್ಟವನು ಮರೆತ, ಕೇಳಿಸಿಕೊಂಡವಳು ಮರೆಯಲಿಲ್ಲ. ಹಡಗಿನವನನ್ನು ಕಟ್ಟಿಕೊಂಡು ತಲೆ ನರೆತರೂ ಆಕೆ ಸಮುದ್ರವನ್ನು ನೋಡಿದ್ದು ದಡದಿಂದ ಮಾತ್ರ.

ಈ ನಡುವೆ ಅಳಿಯನ ಪ್ರಸಂಗ ನಡೆಯಿತು. ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಮದುವೆಯಾದ ಮೇಲೆ ಮೊದಲ ಸಲ ಅತ್ತೆ ಮನೆಯ ಊಟಕ್ಕೆ ಕರೆದಿದ್ದರು. ಅವತ್ತೇ ಎಲ್ಲೋ ಒಂದು ಆಸ್ಪತ್ರೆಯಲ್ಲಿ ಲಿಫ್ಟು ಕೆಟ್ಟು, ಇಡೀ ದಿನ ಅದರ ಕೆಳಗಿನ ಗುಂಡಿಗೆ ಇಳಿದು ದುಡಿದು, ಊಟಕ್ಕೆ ತಡವಾಗಬಾರದೆಂದು ಕೈಕಾಲು ತೊಳೆದುಕೊಂಡು ಮೊಣಕಾಲುದ್ದದ ಚಡ್ಡಿಯಲ್ಲೇ ನೇರ ಬಂದ. ಮಗಳು ಮೊದಲೇ ಬಂದು ತಟ್ಟೆ ಇಟ್ಟಿದ್ದಳು. ಬಾಗಿಲು ತೆಗೆದ ಮಾವ ಕಾಲು ನೋಡಿದ, ಕತ್ತು ನೋಡಿದ. ಹುಬ್ಬು ಏರಿತು.

“ಪರವಾಗಿಲ್ಲ, ಮನೆಗೆ ಹೋಗಿ ಬಟ್ಟೆ ಬದಲಾಯಿಸ್ಕೊಂಡು ಬನ್ನಿ. ನಾವು ಕಾಯ್ತೀವಿ” ಎಂದ, ಬಹಳ ಮರ್ಯಾದೆಯಿಂದ.

ಅಳಿಯನ ಮನೆ ಊರಿನ ಆ ತುದಿಯಲ್ಲಿ. ಅವನು ಬಂದ ಕಾಲಲ್ಲೇ ಮೆಟ್ಟಿಲು ಇಳಿದು ಹೋದ. ಮಗಳು ತಟ್ಟೆ ಬಿಟ್ಟು ಎದ್ದು ಅವನ ಹಿಂದೆ ಹೋದಳು. ಇಬ್ಬರೂ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಅಪ್ಪ ಹಡಗಿನಲ್ಲಿರುವಾಗ ಮಾತ್ರ ಮಗಳು ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಹೆಂಡತಿಗೆ ಹೊಟ್ಟೆ ಉರಿಯಿತು. ಬಾಗಿಲಪ್ಪನಿಗೆ ಮಾತ್ರ ತನ್ನಿಂದ ಏನು ತಪ್ಪಾಯಿತು ಎಂದು ಹೊಳೆಯಲೇ ಇಲ್ಲ. ಕಾಯುತ್ತೇವೆ ಎಂದು ಹೇಳಿದ್ದೆನಲ್ಲ ಎಂದುಕೊಂಡ.

ಹೀಗೆ ಇರುವಾಗ ನಿವೃತ್ತಿಯ ಹೊತ್ತು ಬಂತು. ನಿವೃತ್ತರಾಗುವವರನ್ನು ಹೆಂಡತಿ ಸಮೇತ ಕೊನೆಯ ಸುತ್ತಿಗೆ ಹತ್ತಿಸಿಕೊಂಡು, ಒಂದು ಸಂಜೆ ಭೋಜನಶಾಲೆಯಲ್ಲಿ ಅತಿಥಿಯಾಗಿ ಕೂರಿಸುವುದು ಆ ಹಡಗಿನಲ್ಲಿ ನಡೆದು ಬಂದ ರೂಢಿ. ಹೆಂಡತಿಗೆ ಇದನ್ನು ಹೇಳಿದ ದಿನ ಆಕೆ ಎರಡು ಸಲ ಕೇಳಿದಳು.

“ಕಿಟಕಿ ಪಕ್ಕಾನೇ ಅಲ್ವಾ?”

“ಇನ್ನೆಲ್ಲಿ ಕೂರ್ತಾರೆ? ನನ್ನ ಹೆಂಡತಿ ನೀನು.”

ಮರುದಿನದಿಂದಲೇ ಅವಳ ಉಡುಪಿನ ತಪಾಸಣೆ ಶುರುವಾಯಿತು. ಪಕ್ಕದ ಬೀದಿಯ ದರ್ಜಿ ಕಡುನೀಲಿ ಬಣ್ಣದ ಉದ್ದನೆಯ ಉಡುಪೊಂದನ್ನು ಹೊಲಿದ. ತೋಳು ಚಿಕ್ಕದಾಯಿತು ಎಂದು ಇವನು ವಾಪಸು ಕಳಿಸಿದ. ತೋಳು ಸರಿಹೋಯಿತು, ಕತ್ತು ಅಗಲವಾಯಿತು ಎಂದ. ಕತ್ತು ಸರಿಹೋಯಿತು, ಅಂಚು ಎಳೆಯುತ್ತಿದೆ ಎಂದ. “ಅಮ್ಮಾವ್ರೇ, ಇದನ್ನ ನೀವು ತೊಡ್ತೀರೋ ಸಾಹೇಬ್ರು ತೊಡ್ತಾರೋ, ಮೊದ್ಲು ಹೇಳಿ” ಎಂದು ದರ್ಜಿ ಕೇಳಿಯೇಬಿಟ್ಟ. ಕೊನೆಗೆ ಚಪ್ಪಲಿಯ ಸರದಿ. ಆಕೆಯ ಹೆಬ್ಬೆರಳ ಬುಡದ ಮೂಳೆ ಉಬ್ಬಿಕೊಂಡು ವರ್ಷಗಳಾಗಿದ್ದವು. ಮೆತ್ತನೆಯ ಚಪ್ಪಲಿ ಬಿಟ್ಟು ಬೇರೇನೂ ಹಾಕಲು ಆಗುತ್ತಿರಲಿಲ್ಲ.

“ಉಡುಪು ಕಾಲು ಮುಚ್ಚುತ್ತೆ, ಕೆಳಗೆ ಏನಿದ್ರೆ ಯಾರಿಗೆ ಕಾಣುತ್ತೆ?” ಎಂದಳು.

“ಬಾಗಿಲಲ್ಲಿ ನಿಂತವರು ನೋಡೋದೇ ಕಾಲನ್ನ” ಎಂದು ಅವನು ಮೂತಿ ಚೂಪಾದ, ಮುಚ್ಚಿದ ಶೂ ತಂದುಕೊಟ್ಟ.

ಆಕೆ ಅದನ್ನು ತೊಟ್ಟು ಅಡುಗೆಮನೆಯಿಂದ ಕಿಟಕಿಯವರೆಗೆ ನಡೆದು ನೋಡಿದಳು, ಕಣ್ಣಲ್ಲಿ ನೀರು ಬಂತು. ಒಂದು ಸಂಜೆ ತಾನೇ ಎಂದುಕೊಂಡಳು. ಪೆಟ್ಟಿಗೆ ಕಟ್ಟುವಾಗ ಮಾತ್ರ, “ರೀ, ನಿಮಗೆ ಕೋಟು?” ಎಂದು ಕೇಳಿದಳು.

ಅವನು ಜೋರಾಗಿ ನಕ್ಕ. “ನನ್ನನ್ನ ಯಾರೇ ತಡೀತಾರೆ ಅಲ್ಲಿ? ಬಾಗಿಲೇ ನಾನು.”

ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ. ಊರವರ ಕೋಟನ್ನೆಲ್ಲ ಅಳೆದು ನೋಡಿದ ಆ ಮನುಷ್ಯನ ಬಳಿ ತನ್ನದು ಅಂತ ಒಂದು ಕೋಟು ಇರಲಿಲ್ಲ. ಮೈಮೇಲಿದ್ದದ್ದು ಕಂಪನಿಯದು. ಒಂದು ಹಳತಾದರೆ ಇನ್ನೊಂದು ಕೊಡುತ್ತಿದ್ದರು. ಅದನ್ನೇ ಅವನು ತನ್ನ ಚರ್ಮ ಎಂದುಕೊಂಡಿದ್ದ.

ಕೊನೆಯ ಸುತ್ತಿನ ಕಡೆಯ ದಿನ ಮಧ್ಯಾಹ್ನವೇ ಅವನ ಕೆಲಸ ಮುಗಿಯಿತು. ಉಗ್ರಾಣದವನು ಕೋಟು, ಟೈ, ಹಿತ್ತಾಳೆಯ ಬ್ಯಾಡ್ಜು ಎಲ್ಲವನ್ನೂ ತೆಗೆದುಕೊಂಡು ಕಪಾಟಿನಲ್ಲಿ ಇಟ್ಟ. ಒಂದು ಸಂಜೆಗೆ ಇರಲಿ ಎಂದು ಕೇಳಲು ಬಾಗಿಲಪ್ಪನಿಗೆ ಬಾಯಿ ಬರಲಿಲ್ಲ. ಕೇಳುವುದು ಅವನ ಕಸುಬಲ್ಲ. ಜನ ಕೇಳುವುದು, ತಾನು ಆಗುವುದಿಲ್ಲ ಎನ್ನುವುದು, ಇಷ್ಟೇ ಅವನಿಗೆ ರೂಢಿ. ಕೆಳಗೆ, ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿ, ಕಿಟಕಿಯಿಲ್ಲದ ಅವನ ಕೋಣೆಯಲ್ಲಿ ಹೆಂಡತಿ ಕೂತಿದ್ದಳು. ಹಡಗು ಹತ್ತಿದ ಮೇಲೂ ಆಕೆಗೆ ಸಮುದ್ರ ಕಂಡಿರಲಿಲ್ಲ, ಕೆಲಸದವರ ಕಡೆಯವರು ಪ್ರಯಾಣಿಕರ ಅಂತಸ್ತಿಗೆ ಹೋಗುವಂತಿರಲಿಲ್ಲ. ಗೋಡೆಯಾಚೆ ನೀರು ಗುಳುಗುಳು ಎನ್ನುವುದನ್ನು ಕೇಳಿಸಿಕೊಂಡು, ಸಂಜೆಗಾಗಿ ಕಾಯುತ್ತಿದ್ದಳು.

ಸಂಜೆ ಇಬ್ಬರೂ ಹೊರಟರು. ಆಕೆ ಕಡುನೀಲಿ ಉಡುಪು, ಆ ಶೂ. ಅವನು ಇಸ್ತ್ರಿ ಮಾಡಿದ ಬಿಳಿ ಅರ್ಧತೋಳಿನ ಅಂಗಿ, ಬೂದು ಪ್ಯಾಂಟು. ಆಕೆ ಗೋಡೆಯ ಕಂಬಿ ಹಿಡಿದು, ಹಲ್ಲು ಕಚ್ಚಿ ಹೆಜ್ಜೆ ಇಡುತ್ತಿದ್ದಳು.

ಬಾಗಿಲಲ್ಲಿ ಗಂಜಿಯಮ್ಮ ನಿಂತಿದ್ದಳು. ಇವಳು ನಡುವಯಸ್ಸಿನ ಹೆಂಗಸು, ಹಡಗಿನ ಬಟ್ಟೆ ಒಗೆಯುವ ವಿಭಾಗದಿಂದ ಬಂದವಳು. ಮೇಜುಬಟ್ಟೆಗೆ ಹಾಕುವ ಗಂಜಿಯನ್ನೇ ತನ್ನ ಬೆನ್ನಿಗೂ ಹಾಕಿಕೊಂಡಂತೆ ನೆಟ್ಟಗೆ ನಿಲ್ಲುತ್ತಾಳೆಂದು ಆ ಹೆಸರು. ಬಾಗಿಲಪ್ಪನೇ ಅವಳಿಗೆ ಕೆಲಸ ಕಲಿಸಿದ್ದ. ಕಲಿಸುವಾಗ ಒಂದೇ ಕಂದು ಕೋಟನ್ನು ಎಲ್ಲರ ಎದುರು ಮತ್ತೆ ಮತ್ತೆ ಇಸ್ತ್ರಿ ಮಾಡಿಸಿದ್ದ.

“ನಮಸ್ಕಾರ ಸರ್. ಕಾರ್ಡು?”

ಬಾಗಿಲಪ್ಪ ನಕ್ಕ. “ಏನಮ್ಮಾ, ತಮಾಷೆನಾ?”

“ತಮಾಷೆ ಅಲ್ಲ ಸರ್. ಮೊದ್ಲು ಕಾರ್ಡು, ಆಮೇಲೆ ಕಾಲು, ಆಮೇಲೆ ಕತ್ತು.”

ಅವನು ಕೆಲಸದವರ ಬೂದು ಕಾರ್ಡನ್ನು ತೆಗೆದು ತೋರಿಸಿದ. ಅವಳ ಕಣ್ಣು ಕೆಳಗಿಳಿದು ಅವನ ಶೂ ನೋಡಿತು, ನಿಧಾನವಾಗಿ ಮೇಲೇರಿ ಕತ್ತಿನ ಹತ್ತಿರ ನಿಂತಿತು. ಆಮೇಲೆ ಅವಳ ಎಡಗಡೆಯ ಹುಬ್ಬು ಏರಿತು. ಅದನ್ನೂ ಅವನೇ ಕಲಿಸಿದ್ದ.

“ಕೋಟಿಲ್ಲ ಸರ್.”

“ಕೋಟು ಮಧ್ಯಾಹ್ನ ಉಗ್ರಾಣಕ್ಕೆ ಕೊಟ್ಟಾಯ್ತಲ್ಲ. ನಿನಗೂ ಗೊತ್ತು.”

“ಗೊತ್ತು ಸರ್. ಅದು ಕಂಪನಿ ಕೋಟು. ನಿಮ್ಮ ಕೋಟು ಎಲ್ಲಿ?”

ಬಾಗಿಲಪ್ಪ ತನ್ನ ಅರ್ಧತೋಳನ್ನು ಒಮ್ಮೆ ನೋಡಿಕೊಂಡ. ಅಷ್ಟರಲ್ಲಿ ಹಿಂದಿನಿಂದ ಪಟಪಟ ಸದ್ದಾಯಿತು. ಈಜುಕೊಳದಿಂದ ಈಗಷ್ಟೇ ಎದ್ದು ಬಂದ ದಢೂತಿ ಮನುಷ್ಯನೊಬ್ಬ, ಹೂವಿನ ಚಿತ್ರದ ಚಡ್ಡಿ, ರಬ್ಬರ್ ಚಪ್ಪಲಿ, ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ, ಚಿನ್ನದ ಬಣ್ಣದ ಕಾರ್ಡನ್ನು ಬೀಸಣಿಗೆಯ ಹಾಗೆ ಆಡಿಸುತ್ತ ಒಳಗೆ ನಡೆದ. “ಶುಭ ಸಂಜೆ ಸಾಹೇಬ್ರೇ” ಎಂದು ಗಂಜಿಯಮ್ಮ ತಲೆ ಬಾಗಿಸಿದಳು. ಅವನು ನಡೆದಲ್ಲೆಲ್ಲ ಕಾರ್ಪೆಟ್ಟಿನ ಮೇಲೆ ಒದ್ದೆ ಹೆಜ್ಜೆ ಮೂಡಿತು.

“ನೋಡ್ದೆಯಾ ಅದನ್ನ?” ಎಂದ ಬಾಗಿಲಪ್ಪ, ಧ್ವನಿ ಏರಿತು.

“ವಿಹಾರದ ಉಡುಪು ಸರ್” ಎಂದಳು ಗಂಜಿಯಮ್ಮ. “ದಯವಿಟ್ಟು ಕೈ ಚಾಚಿ.”

ಗುರುವಿಗೇ ತಿರುಮಂತ್ರ. ಗೂಟದಿಂದ ಕಂದು ಕೋಟು ಇಳಿಯಿತು. ಉಳಿದದ್ದು ದೊಡ್ಡ ಅಳತೆಯದೊಂದೇ. ತೋಳು ಬೆರಳನ್ನು ನುಂಗಿತು, ಭುಜ ಕೆಳಗೆ ಜಾರಿತು. ಗಂಜಿಯಮ್ಮ ಇಲ್ಲದ ಧೂಳನ್ನು ಒಮ್ಮೆ ಕೊಡವಿದಳು. ಆ ಕೊಡವುವಿಕೆ ಹೇಗೆ ಉರಿಯುತ್ತದೆ ಎನ್ನುವುದು ಬಾಗಿಲಪ್ಪನಿಗೆ ಆ ಕ್ಷಣಕ್ಕೆ ಮೊದಲ ಸಲ ಗೊತ್ತಾಯಿತು. ಎಷ್ಟು ಭುಜಗಳ ಮೇಲೆ ತಾನು ಹೀಗೆ ಕೊಡವಿದ್ದೆ ಎಂದು ನೆನೆದು ನಾಚಿಕೆಯಾಯಿತು.

“ಕಂಬದ ಹಿಂದೆ ಮೇಜು ಸಿದ್ಧವಾಗಿದೆ ಸರ್” ಎಂದು ಗಂಜಿಯಮ್ಮ ಹೆಂಡತಿಯ ಕಡೆಗೆ ತಿರುಗಿದಳು. ಈ ಸಲ ತಲೆ ಬಾಗಿಸಿದಳು. “ಅಮ್ಮಾ, ನಿಮ್ಮ ಉಡುಪು ಸರಿಯಾಗಿದೆ. ತಾವು ಕಿಟಕಿ ಹತ್ತಿರ ಕೂತ್ಕೋಬಹುದು. ಕಂಬ ಕೋಟಿಗೆ ಮಾತ್ರ.”

ಹೆಂಡತಿ ಗಂಡನ ಮುಖ ನೋಡಿದಳು. “ಇದು ಯಾರು ಮಾಡಿದ ನಿಯಮ?”

“ಸರ್ ಮಾಡಿದ್ದೇ ಅಮ್ಮಾ.”

ಬಾಗಿಲಪ್ಪ ಅವಸರದಿಂದ, “ಇದೆಲ್ಲ ಯಾಕೆ, ಮೇಲೆ ಬಯಲು ಊಟ ಇದೆ. ಕ್ಯಾಪ್ಟನ್‌ಗೆ ಹೇಳಿ ಬಿಡಿಸ್ತೀನಿ, ಅಲ್ಲೇ ಹೋಗೋಣ ಬಾ” ಎಂದ.

“ಅಲ್ಲಿ ಚಪ್ಪಲಿ ನಡೀತಿತ್ತಾ?”

“ಅಲ್ಲಿ ಏನು ಬೇಕಾದ್ರೂ ನಡೆಯುತ್ತೆ.”

“ಮತ್ತೆ ನನ್ನ ಕಾಲನ್ನ ಇದರೊಳಗೆ ಯಾಕೆ ತುರುಕಿಸಿದ್ರಿ?” ಎಂದಳು. ಆಕೆಯ ಧ್ವನಿ ಏರಲಿಲ್ಲ, ಆದರೆ ಅದರಲ್ಲಿ ಅಳಿಯನೂ ಇದ್ದ, ಮಗಳೂ ಇದ್ದಳು, ಒಲೆಯ ಮುಂದೆ ಬೆವೆತ ಅಷ್ಟೂ ಸಂಜೆಗಳೂ ಇದ್ದವು. “ನಾನು ಬಂದಿದ್ದು ಕಿಟಕಿಗೆ. ನೀವು ಇಷ್ಟು ವರ್ಷ ನಿಂತು ನೋಡಿದ್ರಿ. ನಾನು ಒಂದ್ಸಲ ಕೂತು ನೋಡ್ತೀನಿ.”

ಹೇಳಿದವಳೇ ಕಿಟಕಿಯ ಸಾಲಿನ ಕಡೆಗೆ ಹೊರಟಳು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಹಾರಾಯ ಕಂಬದ ಹಿಂದೆ ಕೂತು ಉಂಡ. ಸೂಪು ಬಂದಾಗ ತಣ್ಣಗಾಗಿತ್ತು. ಕಂಬದ ಮೇಜಿಗೆ ಕೊನೆಯಲ್ಲಿ ಬಡಿಸಿ ಎಂದು ಹೇಳಿದ್ದವನೂ ಅವನೇ. ಚಮಚ ಎತ್ತಿದಾಗಲೆಲ್ಲ ಕಂದು ತೋಳು ಸೂಪಿನಲ್ಲಿ ಅದ್ದುತ್ತಿತ್ತು. ಅಡುಗೆಮನೆಯ ಬಾಗಿಲು ತೆರೆದಾಗಲೆಲ್ಲ ಒಳಗಿನವರ ಮುಖಗಳು ಒಂದರ ಮೇಲೊಂದು ಇಣುಕುತ್ತಿದ್ದವು. ಆಲೂಗಡ್ಡೆ ಸುಲಿಯುವ ಮುದುಕನೊಬ್ಬ, ಅವನ ಹಳೇ ಜೊತೆಗಾರ, ಬನಿಯನ್ನಿನಲ್ಲಿ ನಿಂತು ಕೈ ಬೀಸಿದ. ಬಾಗಿಲಪ್ಪ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದ.

ಕುರ್ಚಿಯನ್ನು ಸ್ವಲ್ಪ ಎಳೆದು ಬಗ್ಗಿದರೆ ಕಂಬದ ಪಕ್ಕದಿಂದ ಹೆಂಡತಿಯ ಮೇಜಿನ ಕೆಳಭಾಗ ಕಾಣುತ್ತಿತ್ತು. ಅಷ್ಟೇ ಕಾಣುತ್ತಿತ್ತು. ಕಸುಬಿನ ಕಣ್ಣು ತಾನಾಗಿ ಕಾಲಿಗೆ ಹೋಯಿತು. ಆಕೆ ಶೂ ಎರಡನ್ನೂ ಕಳಚಿ ಬದಿಗೆ ಸರಿಸಿದ್ದಳು. ಬಿಳಿ ಮೇಜುಬಟ್ಟೆಯ ಕೆಳಗೆ ಬರಿಗಾಲು, ಉಬ್ಬಿದ ಆ ಮೂಳೆ ಕೆಂಪಗಾಗಿ ಊದಿಕೊಂಡಿತ್ತು. ಒಂದು ಕಾಲಿನಿಂದ ಇನ್ನೊಂದನ್ನು ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಊರವರ ಕಾಲು ನೋಡಿದವನು ಹೆಂಡತಿಯ ಕಾಲನ್ನು ಅವತ್ತು ನೋಡಿದ. ನೋಡಿ, ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಅಭ್ಯಾಸಬಲದಿಂದ ಇನ್ನಷ್ಟು ಬಗ್ಗಿ ಭೋಜನಶಾಲೆಯ ಬಾಗಿಲಿನ ಕಡೆ ನೋಡಿದ. ಗಂಜಿಯಮ್ಮನಿಗೂ ಆ ಬರಿಗಾಲು ಕಂಡಿತ್ತು. ಅವಳು ಮುಖ ತಿರುಗಿಸಿ ಗಾಜಿನ ದೀಪವನ್ನು ನೋಡತೊಡಗಿದಳು. ಅದನ್ನು ಮಾತ್ರ ಅವಳಿಗೆ ಯಾರೂ ಕಲಿಸಿರಲಿಲ್ಲ.

ಹೆಂಡತಿ ಒಂದನ್ನೂ ಬಿಡಲಿಲ್ಲ. ಸೂಪು, ಮೀನು, ಹುರಿದ ಕೋಳಿ, ಐಸ್‌ಕ್ರೀಮು, ಕಾಫಿ. ಹೊರಗೆ ಸಮುದ್ರ ಕೆಂಪಾಗಿ, ನೇರಳೆಯಾಗಿ, ಕಪ್ಪಾಗುವವರೆಗೂ ನೋಡಿದಳು. ಆಮೇಲೆ ಎದ್ದು, ಶೂಗಳನ್ನು ಕೈಯಲ್ಲಿ ಹಿಡಿದು, ಗಾಜಿನ ದೀಪಗಳ ಕೆಳಗೆ ಬರಿಗಾಲಿನಲ್ಲಿ ನಿಧಾನವಾಗಿ ನಡೆದು ಬಂದಳು. ಹೂವಿನ ಚಡ್ಡಿಯ ದಢೂತಿ ಅದನ್ನು ನೋಡಿ ಹುಬ್ಬೇರಿಸಿದ. ಬಾಗಿಲಪ್ಪ ಕಂದು ಕೋಟನ್ನು ಕಳಚಿ ಗೂಟಕ್ಕೆ ಹಾಕಿ ಆಕೆಯ ಹಿಂದೆ ಹೊರಟ.

ಕಿಟಕಿಯಿಲ್ಲದ ಕೋಣೆಗೆ ಇಳಿಯುವ ಮೆಟ್ಟಿಲಲ್ಲಿ ಅವನು ಮೊದಲು ಬಾಯಿ ಬಿಟ್ಟ. “ಹೇಗಿತ್ತು ಸಮುದ್ರ?”

“ಚೆನ್ನಾಗಿತ್ತು” ಎಂದಳು. ಎರಡು ಮೆಟ್ಟಿಲು ಇಳಿದು, “ಎದುರಿಗಿನ ಕುರ್ಚಿ ಖಾಲಿ ಇತ್ತು. ಅದೊಂದು ಬೇಜಾರು” ಎಂದಳು.

ಅವನು ಆಕೆಯ ಕೈಯಿಂದ ಶೂ ತೆಗೆದುಕೊಂಡ.

“ಭಾನುವಾರ ಮಗಳನ್ನೂ ಅಳಿಯನನ್ನೂ ಊಟಕ್ಕೆ ಕರೀತೀನಿ” ಎಂದಳು. “ಬಾಗಿಲು ನೀವೇ ತೆಗೀಬೇಕು. ಬನಿಯನ್‌ನಲ್ಲಿ.”

“ಬನಿಯನ್‌ನಲ್ಲಾ?”

“ಬನಿಯನ್‌ನಲ್ಲೇ. ಆಮೇಲೆ ನಮ್ಮ ಜೊತೆ ಕೂತು ತಿನ್ನಬೇಕು. ಬಿಸಿಲಿರುವಾಗ್ಲೇ ತಿಂದ್ಬಿಟ್ಟು ನಮ್ಮ ಮುಂದೆ ಕೈಕಟ್ಟಿ ನಿಂತ್ರೆ ನೋಡಿ.”

ಭಾನುವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಬಾಗಿಲಪ್ಪ ಬನಿಯನ್ನಿನಲ್ಲಿ, ಹಸಿದ ಹೊಟ್ಟೆಯಲ್ಲಿ ಎದ್ದು ಹೋಗಿ ತೆರೆದ. ಕಾಲು ನೋಡಬಾರದು ಎಂದು ಬೆಳಗಿನಿಂದ ನಿಶ್ಚಯಿಸಿಕೊಂಡಿದ್ದ. ಆದರೂ ಕಣ್ಣು ಕೇಳಲಿಲ್ಲ. ಪಾಲಿಶ್ ಮಾಡಿದ ಶೂ, ಗೆರೆ ಮುರಿಯದ ಪ್ಯಾಂಟು, ಮೇಲೆ ಕೋಟು, ಕೊರಳನ್ನು ಬಿಗಿದ ಟೈ. ಅಳಿಯ ಬೆವರಿನಲ್ಲಿ ಮುಳುಗಿ ನಿಂತಿದ್ದ. ಹಿಂದೆ ಮಗಳು, ಮುಖ ಬಿಗಿದುಕೊಂಡು.

ಅಳಿಯ ಮಾವನ ಬನಿಯನ್ನನ್ನು ಮೇಲಿಂದ ಕೆಳಗೆ ನೋಡಿದ. “ಪರವಾಗಿಲ್ಲ ಮಾವ, ಬಟ್ಟೆ ಬದಲಾಯಿಸ್ಕೊಂಡು ಬನ್ನಿ. ನಾವು ಕಾಯ್ತೀವಿ” ಎಂದ.

ಈ ಮಾತನ್ನು ಅವನು ಎಷ್ಟು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದನೋ. ಬಾಗಿಲಪ್ಪನ ಕಣ್ಣು ಕೋಟಿನ ಮೇಲೇ ನಿಂತಿತ್ತು. ತೋಳು ಮಣಿಕಟ್ಟಿಗಿಂತ ಮೇಲೆ, ಕಂಕುಳಲ್ಲಿ ಎಳೆತ, ಗುಂಡಿ ಹಾಕಿದರೆ ಉಸಿರು ಕಟ್ಟುವಂತಿದೆ. ಯಾರದೋ ಕೋಟು. ಎರವಲು ತಂದದ್ದು. ಚಡ್ಡಿಯಲ್ಲಿ ಬಂದು ಅವಮಾನಪಟ್ಟ ಹುಡುಗ ಮತ್ತೆ ಅದೇ ಬಾಗಿಲಿಗೆ ಬರಲು ಯಾರ ಹತ್ತಿರವೋ ಹೋಗಿ ಕೈಯೊಡ್ಡಿದ್ದ. ಎರವಲು ಕೋಟು ಭುಜದ ಮೇಲೆ ಎಷ್ಟು ಭಾರ ಎನ್ನುವುದು ಬಾಗಿಲಪ್ಪನಿಗೆ ಈಗ ಗೊತ್ತಿತ್ತು.

ಅವನು ಮುಂದೆ ಬಂದು ಅಳಿಯನ ಹಿಂದೆ ನಿಂತ. ಜೀವಮಾನವಿಡೀ ಬಾಗಿಲಲ್ಲಿ ನಿಂತು ಕೋಟು ತೊಡಿಸಿದ ಕೈ, ಮೊದಲ ಸಲ ಒಬ್ಬನ ಕೋಟನ್ನು ತೋಳಿನಿಂದ ಮೆಲ್ಲಗೆ ಬಿಡಿಸಿತು.

“ಸೆಕೆ ಇದೆಯಪ್ಪಾ” ಎಂದ. “ತಪ್ಪಾಯ್ತು” ಎಂದೂ ಹೇಳಿದ, ಆದರೆ ಅದು ಗಂಟಲಿನಿಂದ ಆಚೆ ಬಂತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಅಳಿಯ ಒದ್ದೆಯಾದ ಅಂಗಿಯಲ್ಲಿ ನಿಂತು, ಟೈ ಸಡಿಲಿಸಿದ. ಮಗಳು ಅಪ್ಪನ ಬನಿಯನ್ನನ್ನೇ ನೋಡುತ್ತಿದ್ದಳು.

ಒಳಗಿನಿಂದ ತಟ್ಟೆ ಇಡುವ ಸದ್ದು ಬಂತು. ಹಳೇ ನೈಟಿಯಲ್ಲಿದ್ದ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

“ರೀ, ಅವರನ್ನ ಬಾಗಿಲಲ್ಲೇ ನಿಲ್ಲಿಸ್ಬೇಡಿ.”